ಬನ್ನುವಿನ ಕಂದು ಪಂಪು

ಕೋಣೆಯಿಂದ ಪುಸ್ ಎಂಬ ಸದ್ದು ಬಂದಾಗ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ತಾಯಿಯ ಕೈ ಹಾಗೇ ನಿಂತಿತು. ತುಸು ಹೊತ್ತು ಬಿಟ್ಟು ಇನ್ನೊಂದು ಪುಸ್. ಎರಡರ ನಡುವೆ ಮಗಳು ಮಂಚದ ಅಂಚಿನಲ್ಲಿ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಎಳೆದುಕೊಂಡ ಉಸಿರನ್ನು ಒಳಗೇ ಹಿಡಿದು ಕೂತಿರುತ್ತಾಳೆಂದು ಅವಳಿಗೆ ನೋಡದೆಯೇ ಗೊತ್ತು. ಪಾಪ, ಎಂಥ ಶ್ರದ್ಧೆ. ಸದ್ದಿನಲ್ಲಂತೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಔಷಧಿ ತುಂಬಿದ ಡಬ್ಬಿ ಹೇಗೆ ಪುಸ್ ಎನ್ನುತ್ತದೋ ಔಷಧಿ ಮುಗಿದ ಡಬ್ಬಿಯೂ ಹಾಗೇ ಎನ್ನುತ್ತದೆ. ಬರಿಯ ಗಾಳಿ, ತಣ್ಣಗೆ, ನಿಜದ ಹಾಗೇ. ಮಗಳು ಎಸೆದಿದ್ದ ಹಳೆಯ ಡಬ್ಬಿಯೊಂದನ್ನು ಕಸದ ಬುಟ್ಟಿಯಿಂದ ಎತ್ತಿ ಒತ್ತಿ ನೋಡಿದ ದಿನ ಅವಳಿಗೆ ಇದು ಹೊಳೆದದ್ದು. ಹೊಳೆದದ್ದು ಎನ್ನುವುದಕ್ಕಿಂತ ಮೈಮೇಲೆ ಬಂದದ್ದು. ಅಂದೇ ಮಗಳು ಉಬ್ಬಸಕ್ಕೆಂದು ದಿನಾ ಎಳೆದುಕೊಳ್ಳುವ ಕಂದು ಬಣ್ಣದ ಪಂಪಿನ ಪ್ಲಾಸ್ಟಿಕ್ ಕವಚದಿಂದ ಹೊಸ ಡಬ್ಬಿಯನ್ನು ಎಳೆದು ತೆಗೆದು ಆ ಜಾಗದಲ್ಲಿ ಹಳೆಯದನ್ನು ಕೂರಿಸಿದ್ದಳು. ಒಂದು ಗುಂಡಿ ಕಿತ್ತು ಇನ್ನೊಂದು ಗುಂಡಿ ಹಾಕಿದಷ್ಟು ಸಲೀಸು. ಅಲ್ಲಿಂದೀಚೆಗೆ ಮಗಳು ದಿನಾ ಬೆಳಿಗ್ಗೆ, ದಿನಾ ಸಂಜೆ ಬರಿಗಾಳಿಯನ್ನು ಔಷಧಿಯೆಂದು ನಂಬಿ ಎಳೆದುಕೊಳ್ಳುತ್ತಾಳೆ. ಇವಳು ದಿನಾ ಬೆಳಿಗ್ಗೆ, ದಿನಾ ಸಂಜೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ.

ಸುಮ್ಮನೆ ಮಾಡಿದ್ದಲ್ಲ. ಯಾವ ತಾಯಿ ತಾನೇ ಸುಮ್ಮನೆ ಮಾಡುತ್ತಾಳೆ? ಅವಳು ಕೆಲಸ ಮಾಡುವ ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ, ಕೊಂಡ ಬಟ್ಟೆಗಳನ್ನು ಗಿರಾಕಿಗಳ ಅಳತೆಗೆ ತಿದ್ದುವ ವಿಭಾಗದಲ್ಲಿ, ಒಬ್ಬ ಹೆಂಗಸು ಕನ್ನಡಿಯ ಮುಂದೆ ಸೊಂಟ ಒಳಗೆಳೆದುಕೊಂಡು ನಿಂತು ಹೇಳಿದ್ದಳು: "ಆ ಪಂಪಿನಲ್ಲಿ ಸ್ಟಿರಾಯ್ಡ್ ಇರುತ್ತೆ ಕಣ್ರೀ. ನನ್ನ ತಂಗಿ ಮಗಳು ನೋಡಿ, ಕಡ್ಡಿ ಥರ ಇದ್ದೋಳು, ವರ್ಷದಲ್ಲಿ ಬಾಗಿಲಿಗೆ ಅಡ್ಡ ಬರೋ ಹಾಗಾದ್ಲು." ಮಾತು ಬಾಯಿಂದ ಬಿದ್ದು ಹೋಗುವಂಥದ್ದು, ಆದರೆ ಇವಳು ಅದನ್ನು ಹೆಕ್ಕಿ ಮನೆಗೆ ತಂದಳು. ಏಕೆಂದರೆ ಅದಕ್ಕೂ ಕೆಲವು ದಿನ ಹಿಂದೆ ನೆಂಟರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗಳು ನೆಲದ ಮೇಲಿನ ಚಮಚ ಎತ್ತಲು ಬಗ್ಗಿದ್ದೇ ಬೆನ್ನಿನ ಹೊಲಿಗೆ ಚರ್ರೆಂದು ಕುತ್ತಿಗೆಯಿಂದ ಸೊಂಟದವರೆಗೆ ಬಾಯಿಬಿಟ್ಟಿತ್ತು. ಇವಳೇ ಹೊಲಿದ ಬಟ್ಟೆ. ಯಾರೋ, "ಟೇಪು ಹಿಡಿಯೋರ ಮನೇಲೇ ಅಳತೆ ತಪ್ಪಿತಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಗಳೇ ನಕ್ಕಳು, ನಗುತ್ತ ನಗುತ್ತ ಕೆಮ್ಮು ಬಂತು, ಕೆಮ್ಮಿನಿಂದ ಉಬ್ಬಸ. ಚೀಲದಿಂದ ಇನ್ನೊಂದು, ನೀಲಿ ಪಂಪು ತೆಗೆದು ಗೋಡೆಯ ಕಡೆ ತಿರುಗಿದಳು. ಹರಿದ ಬೆನ್ನು ಎಲ್ಲರ ಕಡೆಗಿತ್ತು. ತಾಯಿ ತನ್ನ ಶಾಲು ತೆಗೆದು ಹೊದಿಸಬೇಕಿತ್ತು. ಹೊದಿಸಿದಳು ಕೂಡ, ಆದರೆ ಒಂದು ಗಳಿಗೆ ತಡವಾಗಿ. ಆ ಒಂದು ಗಳಿಗೆ ಅವಳೂ ಉಳಿದವರ ಜೊತೆ ಕೂತು ನೋಡಿದ್ದಳು.

"ಅಮ್ಮಾ, ಹಳೇ ಬಟ್ಟೆ ಯಾವುದಾದ್ರೂ ಕೊಡೇ. ಇವತ್ತು ಮಣ್ಣು ಹೊರೋ ಕೆಲಸ." ಮಗಳು ಬಾಗಿಲಲ್ಲಿ ನಿಂತಿದ್ದಳು. ದುಂಡು ಮುಖ, ಇನ್ನೂ ನಿದ್ದೆ ಆರದ ಕಣ್ಣು. ಹುಟ್ಟಿದಾಗ ಬೇಕರಿಯಿಂದ ಆಗಷ್ಟೇ ತಂದ ಬನ್ನಿನ ಹಾಗಿದ್ದಳೆಂದು ಇವಳೇ ಇಟ್ಟ ಹೆಸರು ಬನ್ನು. ಆಗ ಕೇಳಿದವರೆಲ್ಲ ಕೆನ್ನೆ ಹಿಂಡಿ ಮುದ್ದಾಡಿದ್ದರು. ಈಗ ಕೇಳಿದವರು ಮಗಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ "ಓಹೋ" ಎನ್ನುತ್ತಾರೆ.

"ಎಂಥ ಮಣ್ಣು?"

"ನಮ್ಮ ಗ್ರಂಥಾಲಯದ ನೆಲಮಾಳಿಗೆ ಖಾಲಿ ಮಾಡ್ಬೇಕಂತೆ. ನಮ್ಮಜ್ಜಿ ಕಾಲದ ಪುಸ್ತಕ, ಯಾರೂ ಮುಟ್ಟಿಲ್ಲ. ನಮ್ಮ ಕಾವಲುಗಾರ ಮಾವ ಹೇಳ್ತಿದ್ರು, ಒಂದೊಂದು ಪುಸ್ತಕ ಬಡಿದ್ರೆ ಅದರೊಳಗಿನ ಕಥೆ ಎಲ್ಲ ಹಾರಿಹೋಗಿ ಬರೀ ಧೂಳು ಉಳಿಯತ್ತೆ ಅಂತ."

"ನಿನಗೆ ಧೂಳು ಆಗಲ್ಲ. ಹೋಗ್ಲೇಬೇಕೇನೆ?"

"ಹೋಗದೇ ಇದ್ರೆ? ದಪ್ಪಗಿರೋಳು, ಮೈಗಳ್ಳಿ, ಭಾರದ ಕೆಲಸ ಬಂದ ದಿನ ಉಬ್ಬಸ ಅಂತಾಳೆ, ಅಂತಾರೆ. ಮೂತಿಗೆ ಬಟ್ಟೆ ಕಟ್ಕೋತೀನಿ ಬಿಡು. ದಿನಾ ಪಂಪು ತಗೋತಿದೀನಲ್ಲ, ಏನೂ ಆಗಲ್ಲ."

ದಿನಾ ಪಂಪು ತಗೋತಿದೀನಲ್ಲ. ತಾಯಿ ಕಪಾಟಿನ ಕಡೆ ತಿರುಗಿ ಹಳೆಯ ಅಂಗಿ ಹುಡುಕಿದಳು. ಎರಡೂ ಬದಿಯ ಒಳಹೊಲಿಗೆ ಬಿಚ್ಚಿ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯೆಲ್ಲ ಹೊರಬಂದು, ಬಿಸಿಲು ಕಾಣದ ಆ ಭಾಗ ಮಾತ್ರ ಗಾಢ ಬಣ್ಣದ ಪಟ್ಟಿಯಾಗಿ ಉಳಿದಿದ್ದ ಅಂಗಿ. ಇನ್ನು ಬಿಚ್ಚಲು ಒಳಗೆ ಏನೂ ಇಲ್ಲ. ಈಗಲೇ ಹೇಳಿಬಿಡಲೇ ಎಂದುಕೊಂಡಳು. ಹೇಗೆ ಹೇಳುವುದು? ಬನ್ನೂ, ಒಂದು ನಿಮಿಷ ಕೂತುಕೋ, ನಾನು ನಿನ್ನ ಒಳ್ಳೆಯದಕ್ಕೇ. ಅಷ್ಟರಲ್ಲಿ ಮಗಳು ಅಂಗಿ ಕಸಿದು ತೊಟ್ಟುಕೊಂಡು, ಬ್ರೆಡ್ಡಿನ ತಟ್ಟೆ ನೋಡಿ, "ಬೆಣ್ಣೆ ಯಾರಿಗೆ? ನನಗೆ ಬೇಡ ಅಂದಿದ್ನಲ್ಲ" ಎಂದು ಬರಿ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿಳಿಯುವ ಹೆಜ್ಜೆ ತಿರುವಿನಲ್ಲಿ ನಿಂತಿತು. ಇಳಿಯುವಾಗಲೂ ನಿಲ್ಲುತ್ತಿದ್ದಾಳೆ. ಮೊದಲು ಹತ್ತುವಾಗ ಮಾತ್ರ ನಿಲ್ಲುತ್ತಿದ್ದಳು. ಕಿಟಕಿಯಿಂದ ಬಗ್ಗಿ ನೋಡಿದರೆ ಮಗಳು ಬೀದಿಯ ಮೂಲೆಯಲ್ಲಿ ಲೈಟು ಕಂಬಕ್ಕೆ ಕೈಯಾನಿಸಿ, ಯಾರೂ ನೋಡುತ್ತಿಲ್ಲ ತಾನೆ ಎಂದು ಅತ್ತಿತ್ತ ಕಣ್ಣಾಡಿಸಿ, ನೀಲಿ ಪಂಪನ್ನು ಬಾಯಿಗಿಟ್ಟುಕೊಂಡಳು. ಅದು ಉಸಿರು ಕಟ್ಟಿದಾಗ ಎಳೆದುಕೊಳ್ಳುವುದು. ಅದನ್ನು ಇವಳು ಮುಟ್ಟಿಲ್ಲ. ಅಷ್ಟು ಕೆಟ್ಟವಳಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ನಡೆದದ್ದಕ್ಕೆ ಹಾಗಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮಗಳು ಆ ಮೂಲೆಯವರೆಗೆ ಆಮೆಯ ಹಾಗೆ ನಡೆದಿದ್ದನ್ನು ನೋಡಿದ್ದರೂ ಹೇಳಿಕೊಂಡಳು.

ಅಂಗಡಿಯಲ್ಲಿ ಅವಳಿಗೆ ಟೇಪಕ್ಕ ಎಂದೇ ಹೆಸರು. ಅಳತೆಯ ಟೇಪು ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಪಕ್ಕದ ಮೇಜಿನಲ್ಲಿ ಗುಂಡಿತೂತುಗಳಿಗೆ ದಾರ ಸುತ್ತಿ ಕಾಜಾ ಮಾಡುವವನು ಕೂರುತ್ತಾನೆ. ಬಾಯಿಗೆ ಬೀಗವಿಲ್ಲದ ಮನುಷ್ಯ. "ಏನು ಟೇಪಕ್ಕ, ಇವತ್ತು ಮುಖದಲ್ಲಿ ಇಸ್ತ್ರಿ ಇಲ್ಲ?" ಎಂದ. ಅವಳು ಗುಂಡಿಗಳ ಡಬ್ಬ ತೆರೆದು, ಬೆರಳಿನಿಂದ ಗುಂಡಿಗಳನ್ನು ಸರಿಸಿ ತಳ ಮುಟ್ಟಿ ನೋಡಿದಳು. ಇದೆ. ಮಗಳ ನಿಜವಾದ ಔಷಧಿಯ ಡಬ್ಬಿ, ಹೆಬ್ಬೆರಳು ಗಾತ್ರದ್ದು, ತಣ್ಣಗೆ, ತುಂಬಿದ ಭಾರದಲ್ಲಿ ಅಲ್ಲೇ ಮಲಗಿದೆ. ಎಸೆಯಲು ಮನಸ್ಸು ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂದು ಇಷ್ಟು ದಿನ ಕೇಳಿಕೊಂಡಿರಲೂ ಇಲ್ಲ. ಮಗಳ ಸೊಂಟದ ಅಳತೆ ಒಂದಿಂಚು ಇಳಿದರೆ ಸಾಕು, ಆಗ ಎಲ್ಲ ಸರಿಹೋಗುತ್ತದೆ, ಆಗ ಹೇಳಿದರೂ ಮಗಳು ಮುನಿಯುವುದಿಲ್ಲ, ನಗುತ್ತಾಳೆ, "ಕಳ್ಳಿ ಕಣಮ್ಮ ನೀನು" ಎನ್ನುತ್ತಾಳೆ ಎಂದು ಲೆಕ್ಕ ಹಾಕಿದ್ದಳು. ಹೊಸ ಅಂಗಿಯ ನೆಪ ಮಾಡಿ ಟೇಪು ಸುತ್ತಿ ನೋಡುತ್ತಿದ್ದಳು. ಇಳಿದಿರಲಿಲ್ಲ. ಏರಿಯೇ ಇತ್ತು. ಟೇಪಿನ ಎರಡು ತುದಿ ಸೇರಿಸಿ ಹಿಡಿದ ಬೆರಳಿನಡಿಯಲ್ಲಿ ಮಗಳ ಬೆನ್ನು ಉಸಿರಿಗೊಮ್ಮೆ ಸಣ್ಣಗೆ ನಡುಗುವುದೂ ತಿಳಿಯುತ್ತಿತ್ತು.

ಎದುರಿನ ಆಸ್ಪತ್ರೆಯ ಡಾಕ್ಟರುಗಳ ಬಿಳಿ ಕೋಟುಗಳೆಲ್ಲ ಇವಳ ಕೈಯಿಂದಲೇ ಹೋಗುವುದು. ಇವತ್ತು ಎದೆರೋಗದ ಡಾಕ್ಟರಮ್ಮ ಕೋಟಿನ ಅಳತೆ ನೋಡಲು ಬರುವವರಿದ್ದರು. ಅದು ಗೊತ್ತಿದ್ದೇ ಅವಳು ಒಂದು ವಾರದಿಂದ ಮನಸ್ಸಿನಲ್ಲಿ ಪ್ರಶ್ನೆಯನ್ನು ಮಡಿಸಿ, ಇಸ್ತ್ರಿ ಹಾಕಿ ಇಟ್ಟುಕೊಂಡಿದ್ದಳು. ಅವರ ಬಾಯಿಂದ ಹೌದು ಎಂಬ ಒಂದು ಮಾತು ಬಂದರೆ ಸಾಕು.

"ತೋಳು ಸ್ವಲ್ಪ ಎತ್ತಿ ಡಾಕ್ಟ್ರಮ್ಮ."

"ಎತ್ತಿದೀನಿ ತಾಯಿ. ನೀವು ಪಿನ್ನು ಹಿಡ್ಕೊಂಡು ಹತ್ತಿರ ಬಂದಾಗೆಲ್ಲ ನನಗೆ ಸೂಜಿ ಚುಚ್ಚಿಸ್ಕೊಳ್ಳೋ ನನ್ನ ಪೇಷಂಟುಗಳ ಮೇಲೆ ಪ್ರೀತಿ ಉಕ್ಕತ್ತೆ."

"ಒಂದು ಮಾತು ಕೇಳ್ಲಾ? ನಮ್ಮ ಪಕ್ಕದ ಮನೆಯವರ ಮಗಳು…"

"ಈ ಪಕ್ಕದ ಮನೆಯವರು ಎಲ್ಲರ ಪಕ್ಕದಲ್ಲೂ ಇರ್ತಾರೆ. ಹೇಳಿ."

"ಆ ಹುಡುಗಿಗೆ ಉಬ್ಬಸ. ಕಂದು ಪಂಪು ದಿನಾ ತಗೋತಾಳೆ. ಮೈ ತುಂಬ ಬಂದ್ಬಿಟ್ಟಿದೆ. ಪಂಪಿನಿಂದ್ಲೇ ಅಲ್ವಾ?"

"ಮೊದಲು ಯಾವುದು ಬಂತು? ಉಬ್ಬಸನಾ, ಮೈನಾ?"

"ಮೈ. ಹುಟ್ಟಿದಾಗ್ಲೇ ದುಂಡು ದುಂಡಾಗಿ, ಬನ್ನಿನ ಥರ…" ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಮತ್ತೆ? ಪಂಪು ಹಿಂದಕ್ಕೆ ಹೋಗಿ ತೊಟ್ಟಿಲಲ್ಲಿರೋ ಮಗೂನ ಊದಿಸ್ಬಿಡ್ತಾ?" ಡಾಕ್ಟರಮ್ಮ ನಕ್ಕರು, ಅಳುಕಿಸುವ ನಗುವಲ್ಲ, ಒಳ್ಳೆಯ ನಗು. "ಸ್ಟಿರಾಯ್ಡ್ ಮಾತ್ರೆಗಳನ್ನ ತಿಂಗಳುಗಟ್ಟಲೆ ನುಂಗಿದ್ರೆ ಆ ಮಾತು ಬೇರೆ. ಪಂಪಿನಲ್ಲಿ ಹೋಗೋದು ಸಾಸಿವೆಯಷ್ಟು, ಅದೂ ನೇರ ಎದೆಗೆ."

"ಹಾಗಾದ್ರೆ ದಪ್ಪಗಿರೋದಕ್ಕೇ ಉಬ್ಬಸ ಬಂದಿದ್ದಾ?"

"ತೂಕ ಇಳಿದ್ರೆ ಉಸಿರಿಗೆ ಹಗುರ ಆಗತ್ತೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಇನ್ನೊಂದನ್ನ ಹೆತ್ತಿದೆ ಅಂತ ಅಷ್ಟು ಸುಲಭವಾಗಿ ಹೇಳಕ್ಕಾಗಲ್ಲ. ಅವಳಿ ಮಕ್ಕಳನ್ನ ಇಟ್ಕೊಂಡು ನೋಡಿದಾರೆ. ಒಂದೇ ಅಚ್ಚಿನ ಅವಳಿಗಳು ಇರ್ತಾರಲ್ಲ, ಅವರಲ್ಲಿ ಒಬ್ಬರಿಗೆ ಮೈ ಬಂದಿದ್ರೆ ಇನ್ನೊಬ್ಬರಿಗೆ ಉಬ್ಬಸ ಇರೋ ಸಂಭವ ಜಾಸ್ತಿ. ಬೇರೆ ಬೇರೆ ಮುಖದ ಅವಳಿಗಳಲ್ಲಿ ಅಷ್ಟಿಲ್ಲ. ಅಂದ್ರೇನು? ಹುಟ್ಟುತ್ತಲೇ ಬಂದ ಯಾವುದೋ ಒಂದೇ ಗಂಟು ಎರಡು ಕಡೆ ಬಿಚ್ಕೊಳ್ತಿದೆ. ಎಲ್ಲಾ ಅದೇ ಅಂತಲ್ಲ, ಒಂದು ಪಾಲು."

ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳ ಸಂದಿಯಿಂದ ಅವಳು ಕೇಳಿದಳು: "ಹುಟ್ಟುತ್ತಲೇ ಅಂದ್ರೆ, ಅಪ್ಪನ ಕಡೆಯಿಂದ?" ಇದರಲ್ಲಿ ಮಾತ್ರ ಅವಳಿಗೆ ಅನುಮಾನವಿರಲಿಲ್ಲ. ಗಂಡನ ಅಕ್ಕ, ಬನ್ನುವಿನ ಸೋದರತ್ತೆ, ಕೂತರೆ ಏಳಲು ಇಬ್ಬರು ಬೇಕಾಗಿದ್ದವಳು, ದಿಂಬುಗಳನ್ನು ಬೆನ್ನಿಗೆ ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದವಳು. ಲಾರಿ ಓಡಿಸುವ ಗಂಡ ಮನೆಗೆ ಬಂದಾಗೆಲ್ಲ ಮಗಳನ್ನು ನೋಡಿ, "ಥೇಟು ನಮ್ಮಕ್ಕ" ಎಂದು ಹಿಗ್ಗುತ್ತಿದ್ದ. ಇವಳೂ ಅದನ್ನೇ ಹಿಡಿದುಕೊಂಡಿದ್ದಳು. ಅವರ ಮನೆಯ ಮೈ, ಅವರ ಮನೆಯ ಉಸಿರು. ತನ್ನದಲ್ಲ.

"ಅಪ್ಪನ ಕಡೆಯಿಂದಾನೋ, ಅಮ್ಮನ ಕಡೆಯಿಂದಾನೋ, ಇಬ್ಬರಿಂದಾನೋ. ಒಬ್ಬರಲ್ಲಿ ಮೈಯಾಗಿ ಕಾಣಿಸ್ಕೊಳ್ಳತ್ತೆ, ಇನ್ನೊಬ್ಬರಲ್ಲಿ ಉಸಿರಾಗಿ. ಕೆಲವರಲ್ಲಿ ಕಾಣಿಸ್ಕೊಳ್ಳೋದೇ ಇಲ್ಲ, ತೆಪ್ಪಗೆ ಕೂತಿರತ್ತೆ." ಡಾಕ್ಟರಮ್ಮ ತಲೆ ಬಗ್ಗಿಸಿ, ಕೋಟಿನ ಅಂಚಿಗೆ ಪಿನ್ನು ಚುಚ್ಚಲು ಮಂಡಿಯೂರಿದ್ದ ಅವಳನ್ನೇ ನೋಡಿದರು. "ಅದಿರ್ಲಿ, ನೀವು ಯಾವಾಗಿಂದ ಹೀಗೆ ಉಸಿರಾಡ್ತಿದೀರಿ?"

"ಹೇಗೆ?"

"ಬಿಡೋವಾಗ ಸಣ್ಣಗೆ ಸಿಳ್ಳೆ ಬರ್ತಿದೆ."

"ಅಯ್ಯೋ, ಇದು ಬಟ್ಟೆ ಜುಂಗು ಡಾಕ್ಟ್ರಮ್ಮ. ಇಲ್ಲಿ ಕೆಲಸ ಮಾಡೋರಿಗೆಲ್ಲ ಇದ್ದದ್ದೇ." ಕಾಜಾದವನಿಗೆ ಇರಲಿಲ್ಲ. ಇಸ್ತ್ರಿ ಮಾಡುವವಳಿಗೂ ಇರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಾಗ ಬಟ್ಟೆ ಅಂಗಡಿ ಎಲ್ಲಿತ್ತು? ಆಗಲೂ ಚಳಿಗಾಲದಲ್ಲಿ ಎದೆಯೊಳಗೆ ಯಾರೋ ಬಾಗಿಲು ಎಳೆದ ಹಾಗೆ ಆಗುತ್ತಿತ್ತು. ಆಗ ಅವಳನ್ನು ಮೂಟೆ ಎಂದು ಕರೆಯುತ್ತಿದ್ದರು. ಮೂಟೆ ಬಂತು, ಮೂಟೆಗೆ ದಾರಿ ಬಿಡಿ. ಒಂದು ದಿನ ತಟ್ಟೆ ದೂರ ತಳ್ಳಿದವಳು ಮತ್ತೆ ಹತ್ತಿರ ಎಳೆದುಕೊಂಡಿರಲಿಲ್ಲ. ಇವತ್ತಿಗೂ ಅರ್ಧ ಹೊಟ್ಟೆಯಲ್ಲೇ ಏಳುತ್ತಾಳೆ. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರೂ ಕಡ್ಡಿಯ ಹಾಗಿದ್ದಾಳೆ ಎಂದಾಗ ಆದ ಸುಖ ಬೇರೆ ಯಾವ ಮಾತಿನಿಂದಲೂ ಆಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮೂಟೆಯನ್ನು ಒಳಗೆ ಮಡಿಸಿ, ಮೇಲೆ ನವಿರಾಗಿ ಹೊಲಿಗೆ ಹಾಕಿ, ತಾನು ಹುಟ್ಟಿದ್ದೇ ಹೀಗೆ ಎಂದು ತಿರುಗಾಡಿದ್ದಳು. ಆ ಮಡಿಕೆ ಬಿಚ್ಚಿ ಮಗಳ ಮೈಯಾಗಿ ಮನೆಯಲ್ಲಿ ಓಡಾಡುತ್ತಿತ್ತು. ಇವಳು ಅದರ ಬೆನ್ನು ನೋಡುತ್ತ ಶಾಲು ಹಿಡಿದು ಕೂತಿದ್ದಳು.

"ಯಾರಾದ್ರೂ," ಎಂದಳು ಬಾಯಿಂದ ಪಿನ್ನುಗಳನ್ನು ತೆಗೆದು, "ಯಾರಾದ್ರೂ ಆ ಕಂದು ಪಂಪು ನಿಲ್ಲಿಸ್ಬಿಟ್ರೆ ಏನಾಗತ್ತೆ?"

"ನಿಲ್ಲಿಸಿದ ದಿನ ಏನೂ ಆಗಲ್ಲ. ಮಾರನೇ ದಿನಾನೂ ಆಗದೇ ಇರಬಹುದು. ಅದೇ ಅದರ ಮೋಸ. ಒಳಗೊಳಗೇ ಊತ ಏರ್ತಾ ಹೋಗತ್ತೆ, ನೀಲಿ ಪಂಪು ಜಾಸ್ತಿ ಜಾಸ್ತಿ ಬೇಕಾಗತ್ತೆ. ಆಮೇಲೆ ಒಂದಿನ ಏನಾದ್ರೂ ಒಂದು ನೆಪ ಸಾಕು. ನೆಗಡಿನೋ, ಹೊಗೆನೋ, ಧೂಳೋ. ಅಮ್ಮಾ! ಚುಚ್ಚಿದ್ರಲ್ರೀ!"

ಪಿನ್ನು ಡಾಕ್ಟರಮ್ಮನ ಮಂಡಿಗೆ ನಾಟಿತ್ತು. ಬಿಳಿ ಬಟ್ಟೆಯಲ್ಲಿ ಕೆಂಪು ಚುಕ್ಕಿಯೊಂದು ಮೂಡಿ ಅಗಲವಾಯಿತು. ಅವಳು ಕ್ಷಮಿಸಿ ಎನ್ನಲಿಲ್ಲ. ಎದ್ದು ನಿಂತಳು. ಹುಡುಗ ವಯಸ್ಸಿನ ಮ್ಯಾನೇಜರು ಓಡಿ ಬಂದು, "ಏನಮ್ಮಾ ಇದು, ಕಣ್ಣು ಕಾಣಲ್ವಾ, ಡಾಕ್ಟ್ರನ್ನೇ ಹೊಲಿದುಬಿಡ್ತೀರಾ?" ಎಂದು ಗದರಿದ, ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ. ಡಾಕ್ಟರಮ್ಮ, "ಬಿಡಿ ಬಿಡಿ, ಏನಾಗಿಲ್ಲ" ಎನ್ನುತ್ತಿದ್ದರು. ಅವರ ಕಣ್ಣು ಮಾತ್ರ ಇವಳ ಮುಖ ಬಿಡಲಿಲ್ಲ. "ಕೇಳಿ ಇಲ್ಲಿ, ಆ ಪಕ್ಕದ ಮನೆ ಹುಡುಗಿ ಈಗ ಎಲ್ಲಿದಾಳೆ?" ಅವಳು ಮೊಬೈಲು ತೆಗೆದು ಮಗಳಿಗೆ ಫೋನು ಮಾಡಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ನೆಲಮಾಳಿಗೆಯಲ್ಲಿ ಫೋನು ಸಿಗುವುದಿಲ್ಲವೇನೋ. ಆದರೆ ಸಿಗದಿದ್ದರೆ ರಿಂಗಾಗುತ್ತಿರಲಿಲ್ಲವಲ್ಲ. ಗುಂಡಿಗಳ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿ, ಉರುಳಿ ಚೆಲ್ಲಾಡಿದ ಗುಂಡಿಗಳ ನಡುವಿನಿಂದ ತಗಡಿನ ಡಬ್ಬಿಯನ್ನು ಹಿಡಿಯೊಳಗೆ ಬಚ್ಚಿಟ್ಟುಕೊಂಡಳು. ಕಾಜಾದವನು ಅವಳ ಮುಖ ನೋಡಿ ಮೊದಲ ಸಲ ತಮಾಷೆ ಅರ್ಧಕ್ಕೆ ಬಿಟ್ಟ. "ಹೋಗಕ್ಕ, ಹೋಗು. ಮ್ಯಾನೇಜರ್ ಬಾಯಿಗೆ ನಾನು ಗುಂಡಿ ಹಾಕ್ತೀನಿ."

ಬಸ್ಸು ಪ್ರತಿ ನಿಲ್ದಾಣದಲ್ಲೂ ಸಾವಕಾಶವಾಗಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಭಾರಿ ಮೈಯ ಹೆಂಗಸು ತನ್ನನ್ನು ತಾನೇ ಒತ್ತಿ ಕಿಟಕಿಗೆ ಅಂಟಿಸಿಕೊಂಡು, "ಆರಾಮಾಗಿ ಕೂತ್ಕೊಳ್ಳಿ, ನಾನು ಸರಿದುಕೊಂಡಿದೀನಿ" ಎಂದಳು, ಕೇಳುವ ಮೊದಲೇ, ಜೀವಮಾನವಿಡೀ ಹೇಳಿ ರೂಢಿಯಾದ ದನಿಯಲ್ಲಿ. ಆ ದನಿ ಇವಳಿಗೆ ಗೊತ್ತು. ಬನ್ನು ಸೋಫಾದಲ್ಲಿ ಕೂರುವಾಗ ಹೀಗೇ ಸರಿದುಕೊಳ್ಳುತ್ತಾಳೆ, ತಾಯಿಯ ಪಕ್ಕದಲ್ಲಿ ಕೂರುವಾಗಲೂ. ಹಿಡಿಯೊಳಗಿನ ಡಬ್ಬಿ ಬೆವರಿನಿಂದ ಜಾರುತ್ತಿತ್ತು. ಏನೂ ಆಗಿರುವುದಿಲ್ಲ. ಹೋಗಿ ನಿಂತರೆ ಬನ್ನು ತಲೆ ತುಂಬ ಧೂಳು ಮೆತ್ತಿಕೊಂಡು, ಮೂತಿಗೆ ಬಟ್ಟೆ ಕಟ್ಟಿಕೊಂಡು, "ಯಾಕಮ್ಮ ಬಂದೆ? ಎಲ್ಲರೂ ನಗ್ತಾರೆ" ಎನ್ನುತ್ತಾಳೆ. ನಾನು ಇಲ್ಲೇ ಹಾದು ಹೋಗುತ್ತಿದ್ದೆ ಎನ್ನುವುದು. ಚೀಲ ಎಲ್ಲಿಟ್ಟಿದ್ದೀಯೆ, ನೀರು ಇದೆಯಾ ಎನ್ನುತ್ತ ಚೀಲಕ್ಕೆ ಕೈ ಹಾಕುವುದು. ಇದನ್ನು ಒಳಗೆ ಕೂರಿಸಿ, ಅದನ್ನು ಎತ್ತಿಕೊಂಡು ಬರುವುದು. ಸಂಜೆ ಪುಸ್ ಎಂದಾಗ ಅದು ನಿಜವಾದ ಪುಸ್ ಆಗಿರುತ್ತದೆ. ಇಷ್ಟೇ ತಾನೆ? ಯಾರಿಗೆ ಏನು ನಷ್ಟವಾಯಿತು? ಬಸ್ಸಿಳಿದು ಓಡಿದಳು. ಓಡಿದ ಕೂಡಲೇ ಎದೆಯೊಳಗಿನ ಬಾಗಿಲು ಯಾರೋ ಎಳೆದ ಹಾಗಾಯಿತು; ಈ ಸಲ ಅದಕ್ಕೆ ಬಟ್ಟೆಯ ಜುಂಗು ಎನ್ನಲು ಅವಳಿಗೆ ಆಗಲಿಲ್ಲ. ಒಂದು ಅಂಗಡಿಯ ಕಟ್ಟೆ ಹಿಡಿದು ಬಗ್ಗಿ ನಿಂತು, ಮೂಟೆ ಬಂತು, ದಾರಿ ಬಿಡಿ ಎಂದುಕೊಂಡಳು. ಅಥವಾ ಜೋರಾಗಿಯೇ ಹೇಳಿದಳೋ ಏನೋ, ಅಂಗಡಿಯವನು ವಿಚಿತ್ರವಾಗಿ ನೋಡಿದ.

ಗ್ರಂಥಾಲಯದ ಓಣಿ ಇಕ್ಕಟ್ಟಾಗಿತ್ತು, ಎರಡು ಕಡೆಯೂ ಎತ್ತರದ ಗೋಡೆ. ಮುಂದಿನ ಮೆಟ್ಟಿಲುಗಳ ಮೇಲೆ ಜನ ಗುಂಪು ಕಟ್ಟಿದ್ದರು. ಎಲ್ಲರ ರೆಪ್ಪೆ, ಹುಬ್ಬು, ಕೂದಲು ಬೂದು ಬಣ್ಣ; ಒಂದೇ ಬೆಳಿಗ್ಗೆಗೆ ಎಲ್ಲರಿಗೂ ಮುಪ್ಪು ಬಂದ ಹಾಗಿತ್ತು. ಮುದಿ ಕಾವಲುಗಾರ ಅವಳನ್ನು ಗುರುತಿಸಿ ಎದುರು ಬಂದ. "ಬಂದ್ರಾ ತಾಯಿ? ಯಾರು ಹೇಳಿದ್ರು ನಿಮಗೆ? ಯಾರೂ ಹೇಳಿಲ್ವಾ? ನೋಡಿ, ಹೆತ್ತ ಕರುಳು ಅಂದ್ರೆ ಇದು! ಬೇಡ ಕಣಮ್ಮ, ನೀನು ಮೇಲೇ ಇರು ಅಂದೆ. ಕೇಳ್ಲಿಲ್ಲ ಹುಡುಗಿ. ಎಲ್ಲರಿಗಿಂತ ಜಾಸ್ತಿ ಅವಳೇ ಹೊತ್ಳು. ಆಂಬುಲೆನ್ಸಿಗೆ ಫೋನ್ ಮಾಡಿದೀವಿ, ಬರ್ತಾ ಇದೆ, ಈಗ ಬಂದ್ಬಿಡತ್ತೆ."

ಬನ್ನು ಮೇಲಿನ ಮೆಟ್ಟಿಲಲ್ಲಿ ಎರಡೂ ಕೈ ಮಂಡಿಗೆ ಊರಿಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು. ಹೆಗಲು ಕಿವಿಯವರೆಗೆ ಏರಿ ಇಳಿಯುತ್ತಿತ್ತು. ತುಟಿ ಸೀಸದ ಬಣ್ಣ. ಕುತ್ತಿಗೆಯ ಗುಳಿ ಉಸಿರಿಗೊಮ್ಮೆ ಒಳಕ್ಕೆ ಹೋಗುತ್ತಿತ್ತು. ಅಂಗಿಯ ಬದಿಯ ಗಾಢ ಪಟ್ಟಿಗಳೂ ಈಗ ಬೂದು. ಅವಳ ಸಂಗಡ ಕೆಲಸ ಮಾಡುವ ಗೆಳತಿ, ಕೋಲು ಮುಖದ ಹುಡುಗಿ, ರಟ್ಟಿನಿಂದ ಗಾಳಿ ಹಾಕುತ್ತ, "ಇನ್ನೊಂದ್ಸಲ ಎಳ್ಕೋ, ಇನ್ನೊಂದ್ಸಲ" ಎಂದು ನೀಲಿ ಪಂಪನ್ನು ಬಾಯಿಗಿಡುತ್ತಿದ್ದಳು. ಆ ಪಂಪು ಬರೀ ಚಟಕ್ ಎಂದಿತು. ಅದರಲ್ಲಿ ಔಷಧಿಯಷ್ಟೇ ಅಲ್ಲ, ಗಾಳಿಯೂ ಮುಗಿದಿತ್ತು. ಆಶ್ಚರ್ಯವೆಂದರೆ ಸಿಳ್ಳೆಯ ಸದ್ದೇ ಇರಲಿಲ್ಲ, ಸಿಳ್ಳೆಯಾಗುವಷ್ಟು ಗಾಳಿಯೂ ಎದೆಯಲ್ಲಿ ಆಡುತ್ತಿರಲಿಲ್ಲ. ಇಷ್ಟು ವರ್ಷ ಕೇಳಿದ ಉಬ್ಬಸದಲ್ಲಿ ಸದ್ದಿಲ್ಲದ ಉಬ್ಬಸವನ್ನು ತಾಯಿ ಕಂಡಿರಲಿಲ್ಲ. "ಬನ್ನೂ" ಎಂದಳು. ಮಗಳು ಕಣ್ಣು ಮಾತ್ರ ಎತ್ತಿದಳು, ಆ ಕಣ್ಣಿನಲ್ಲಿ ಅಮ್ಮ ಬಂದಳೆಂಬ ನೆಮ್ಮದಿ ಇತ್ತು. ಅದನ್ನು ತಾಯಿ ಸ್ಪಷ್ಟವಾಗಿ ನೋಡಿದಳು.

ಮಗಳ ಚೀಲ ಅಲ್ಲೇ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು. ಕಂದು ಪಂಪಿನ ತುದಿ ಕಾಣುತ್ತಿತ್ತು. ಅಷ್ಟರಲ್ಲಿ ಬಿಳಿ ಗಾಡಿ ಓಣಿಗೆ ನುಗ್ಗಿತು, ಎಲ್ಲರ ತಲೆ ಆ ಕಡೆ ತಿರುಗಿತು. ಅವಳು ಚೀಲದ ಮೇಲೆ ಬಗ್ಗಿದಳು. ಎಳೆದು ತೆಗೆದು ಒತ್ತಿ ಕೂರಿಸಿದಳು. ಇಷ್ಟು ವರ್ಷದ ಕೈ, ಸೂಜಿಯ ಕಣ್ಣಿಗೆ ದಾರ ತಪ್ಪಿಸದ ಕೈ, ಆಗಲೂ ನಡುಗಲಿಲ್ಲ. ಖಾಲಿ ಡಬ್ಬಿ ಅವಳ ಹಿಡಿಯೊಳಗೆ ಬಂತು. ಯಾರೂ ನೋಡಲಿಲ್ಲ. ಮುಗಿಯಿತು. ಇನ್ನು ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಗಾಡಿಯಿಂದ ಇಳಿದವನು ಮಗಳ ಬಾಯಿ ಮೂಗು ಮುಚ್ಚುವ ಹಾಗೆ ಪಾರದರ್ಶಕ ಮುಸುಕು ಕಟ್ಟಿ, ಬೆರಳಿಗೆ ಏನೋ ಸಿಕ್ಕಿಸಿ, ಅದರ ಮೇಲಿನ ಅಂಕಿ ನೋಡಿ ಜೊತೆಯವನಿಗೆ ಕಣ್ಣಲ್ಲೇ ಏನೋ ಹೇಳಿದ. "ದಿನಾ ತಗೊಳ್ಳೋ ಔಷಧಿ ಯಾವುದು?" ಎಂದ. ಗೆಳತಿ ಚೀಲದಿಂದ ಕಂದು ಪಂಪು ತೆಗೆದು ಕೊಟ್ಟಳು. ಅವನು ಅಲ್ಲಾಡಿಸಿ ನೋಡಿದ. "ಇದನ್ನ ತಪ್ಪದೇ ತಗೋತಾಳಾ?"

"ಒಂದು ದಿನಾನೂ ತಪ್ಪಿಸಲ್ಲ ಸ್ವಾಮಿ," ಕಾವಲುಗಾರ ಹೇಳಿದ. "ಕೇಳಿ ಬೇಕಾದ್ರೆ, ಅವರ ತಾಯಿ ಇಲ್ಲೇ ಇದಾರೆ. ಇಂಥ ತಾಯಿ ಎಲ್ಲರಿಗೂ ಸಿಗಲ್ಲ."

"ಇದನ್ನ ದಿನಾ ತಗೊಂಡೂ ಹಿಂಗಾಗಿದೆ ಅಂದ್ರೆ ಬೇರೆ ಏನೋ ಇದೆ," ಎಂದ ಗಾಡಿಯವನು ಜೊತೆಯವನಿಗೆ. "ಹಾಗಂತಲೇ ಆಸ್ಪತ್ರೆಗೆ ಹೇಳು. ಬೇರೆ ಕಾಯಿಲೆ ಹುಡುಕಲಿ." ಜೊತೆಯವನು ಫೋನು ಕಿವಿಗಿಟ್ಟುಕೊಂಡ.

ಸುತ್ತ ಎಲ್ಲ ಬೂದು ಮುಖಗಳು. ಇಂಥ ತಾಯಿ ಎಂದವನ ಮುಖ ಎಲ್ಲಕ್ಕಿಂತ ಹತ್ತಿರ. "ಇಲ್ಲ" ಎಂದಳು ಅವಳು. ಉಸಿರೇ ಇರಲಿಲ್ಲ, ಮಾತು ತುಟಿಯ ಹೊರಗೆ ಬೀಳಲಿಲ್ಲ. "ಏನಮ್ಮ?" ಎಂದ ಗಾಡಿಯವನು. "ಅದರಲ್ಲಿ ಇರ್ಲಿಲ್ಲ." "ಏನಿರ್ಲಿಲ್ಲ? ಜೋರಾಗಿ ಹೇಳಿ, ಗಾಡಿ ಸದ್ದು." ಜೋರಾಗಿ ಹೇಳಬೇಕು. ನೆಂಟರ ಮನೆಯ ಊಟದ ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿ. ಅವಳು ಹಿಡಿ ಬಿಚ್ಚಿ ಖಾಲಿ ಡಬ್ಬಿ ತೋರಿಸಿದಳು. "ಇದಿತ್ತು ಅದರಲ್ಲಿ. ಖಾಲಿ. ಇಷ್ಟು ದಿನಾನೂ ಇದೇ ಇತ್ತು. ಅವಳು ಬರೀ ಗಾಳಿ ತಗೊಂಡಿದಾಳೆ. ನಾನೇ ಬದಲಾಯಿಸಿದ್ದು. ತೆಳ್ಳಗಾಗ್ಲಿ ಅಂತ."

ಗಾಡಿಯ ಎಂಜಿನ್ ಒಂದೇ ಸಮ ಗುರುಗುಡುತ್ತಿತ್ತು. ಗಾಳಿ ಹಾಕುತ್ತಿದ್ದ ರಟ್ಟು ನಿಂತಿತು. ಗಾಡಿಯವನೊಬ್ಬನೇ ಅದರಲ್ಲಿ ಅಚ್ಚರಿಯೇನೂ ಇಲ್ಲವೆಂಬಂತೆ, "ಎಷ್ಟು ದಿನದಿಂದ?" ಎಂದ, ಅವಳು ಹೇಳಿದ್ದನ್ನು ಜೊತೆಯವನು ಫೋನಿನಲ್ಲಿ ಹೇಳಿದ. ಇಬ್ಬರೂ ಸೇರಿ ಬನ್ನುವನ್ನು ಎತ್ತಿದರು. ಭಾರಕ್ಕೆ ಒಬ್ಬನ ಬಾಯಿಂದ ಮುಲುಕು ಹೊರಬಿತ್ತು, ಆ ಸ್ಥಿತಿಯಲ್ಲೂ ಮಗಳು ಕ್ಷಮೆ ಕೇಳುವಂತೆ ಕಣ್ಣು ಮುಚ್ಚಿದಳು. "ಜೊತೆಗೆ ಒಬ್ಬರು ಹತ್ತಿ, ಒಬ್ಬರೇ" ಎಂದು ಗಾಡಿಯವನು ಕೂಗಿದ. ತಾಯಿ ಆಗಲೇ ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಿದ್ದಳು.

ಬನ್ನು ಕೈ ಎತ್ತಿದಳು. ನಿಧಾನವಾಗಿ, ನೀರಿನೊಳಗಿನಿಂದ ಎತ್ತುವ ಹಾಗೆ. ಮುಸುಕನ್ನು ಬಾಯಿಂದ ಒಂದಿಷ್ಟು ಸರಿಸಿದಳು. ಗಾಡಿಯವನು, "ಬೇಡ, ಮಾತಾಡ್ಬೇಡ, ಉಸಿರು ಉಳಿಸ್ಕೋ" ಎಂದ. ಅವಳು ಉಳಿಸಿಕೊಳ್ಳಲಿಲ್ಲ. ಇದ್ದುದನ್ನೆಲ್ಲ ಒಟ್ಟುಗೂಡಿಸಿಕೊಂಡಳು, ಹೆಗಲು ಏರಿತು, ಕುತ್ತಿಗೆಯ ನರ ಹುರಿಗಟ್ಟಿತು.

"ಅಮ್ಮ," ಎಂದಳು. ಮತ್ತೆ ಎಳೆದುಕೊಂಡಳು. "ಬೇಡ."

ಗೆಳತಿ ತಾಯಿಯ ಮುಖ ನೋಡದೆ ಪಕ್ಕದಿಂದ ನುಸುಳಿ ಹತ್ತಿದಳು. ಬಾಗಿಲು ಮುಚ್ಚಿತು. ಓಣಿ ಇಕ್ಕಟ್ಟು, ಗಾಡಿ ಹಿಂದಕ್ಕೆ ಹೋಗಬೇಕಾದರೆ ನಿಂತವರು ಗೋಡೆಗೆ ಒತ್ತಿಕೊಳ್ಳಬೇಕಿತ್ತು. ಕಾವಲುಗಾರ ಎಲ್ಲರನ್ನೂ ತೋಳು ಹಿಡಿದು ಸರಿಸಿದ, ಇವಳನ್ನು ಮಾತ್ರ ಮುಟ್ಟಲಿಲ್ಲ. ಅವಳೇ ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಆದಷ್ಟು ಕಡಿಮೆ ಜಾಗದಲ್ಲಿ ನಿಂತಳು. ಗಾಡಿಯ ಕಿಟಕಿ ಅವಳ ಮುಖದ ಎದುರಿನಿಂದ ಹಾಯಿತು, ನಡೆಯುವಷ್ಟೇ ನಿಧಾನವಾಗಿ. ಒಳಗೆ ಬನ್ನು ಮೇಲಕ್ಕೆ ಮುಖ ಮಾಡಿ ಒರಗಿದ್ದಳು. ಮುಸುಕಿನ ಒಳಮೈಗೆ ಉಸಿರಿನ ಹಬೆ ಕಟ್ಟಿತು, ಕರಗಿತು. ಗಾಡಿ ಒಂದು ಮಾರು ಹಿಂದಕ್ಕೆ ಹೋಯಿತು. ಮತ್ತೆ ಹಬೆ ಕಟ್ಟಿತು. ಗಾಡಿ ನಿಂತು, ಚಕ್ರ ಹೊರಳಿಸಿ, ಮತ್ತೆ ಹೊರಟಿತು, ಹಬೆ ಕರಗಿತು. ಅವಳು ತನ್ನ ಉಸಿರು ಹಿಡಿದು ಕಾದಳು. ಗಾಡಿ ಓಣಿಯ ತುದಿಯಲ್ಲಿ ತಿರುಗುತ್ತಿತ್ತು, ಗಾಜಿನ ಮೇಲೆ ಬೀದಿಯ ಬಿಸಿಲು ಬಿದ್ದು ಹೊಳೆಯಿತು, ಅದರ ಹಿಂದೆ ಮುಸುಕು ಸ್ವಚ್ಛವಾಗಿ, ಪೂರ್ತಿ ಸ್ವಚ್ಛವಾಗಿ ಕಂಡಿತು, ಮತ್ತು ಹಬೆ ಕಟ್ಟುವುದನ್ನೇ ಅವಳು ಕಾದಳು.